ಮಧ್ಯರಾತ್ರಿಯ ಬಿಸಿಲಿನ ಬಂದರುಗಳಿಗೆ: ಸ್ಕ್ಯಾಂಡಿನೇವಿಯಾ ಮತ್ತು ಆರ್ಕ್ಟಿಕ್ ಐಷಾರಾಮಿ ಕ್ರೂಸ್ ಯೋಜಿಸುವ ಬಗೆ

ಸ್ಕ್ಯಾಂಡಿನೇವಿಯಾದ ಬಂದರುಗಳನ್ನು ಹಾದು ಆರ್ಕ್ಟಿಕ್ ವೃತ್ತದ ಆಚೆಗೆ ಹೋಗುವ ಬೇಸಿಗೆಯ ಕ್ರೂಸ್‌ಗೆ ಹಣ ಕಟ್ಟುವ ಮುನ್ನ ಹೆಚ್ಚಿನವರು ನೋಡುವುದು ಸೂಟಿನ (ಹಡಗಿನ ಐಷಾರಾಮಿ ಕೋಣೆಯ) ವಿಸ್ತೀರ್ಣ, ಬಾಲ್ಕನಿಯ ಅಳತೆ ಮತ್ತು ಹಡಗಿನಲ್ಲಿರುವ ರೆಸ್ಟೋರೆಂಟುಗಳ ಸಂಖ್ಯೆಯನ್ನು. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಹಾದಿಯನ್ನು ನಿರ್ಧರಿಸಬೇಕು, ಆಮೇಲೆ ತಿಂಗಳನ್ನು, ಅದಾದ ಮೇಲೆ ಹಡಗಿನ ಗಾತ್ರವನ್ನು. ಕೋಣೆಯ ದರ್ಜೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ಉತ್ತರದ ಬೇಸಿಗೆಯಲ್ಲಿ ಸೂರ್ಯ ಮುಳುಗದ ಕಡೆಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೋಡುವುದಕ್ಕೆ ಏನಾದರೂ ಇದ್ದೇ ಇರುತ್ತದೆ. ಆದುದರಿಂದ ಅಲ್ಲಿ ನಿಜವಾದ ಐಷಾರಾಮವೆಂದರೆ ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವ, ಕಿರಿದಾದ ನೀರಿನೊಳಕ್ಕೂ ಹೋಗಬಲ್ಲ, ಜನಸಂದಣಿ ಇಲ್ಲದ ಹಡಗು. ಹಣ ಹೋಗಬೇಕಾದದ್ದು ಅದಕ್ಕೆ.

ಹಾದಿಯ ಆಯ್ಕೆ

"ಸ್ಕ್ಯಾಂಡಿನೇವಿಯಾ ಮತ್ತು ಆರ್ಕ್ಟಿಕ್" ಎಂಬ ಒಂದೇ ಹೆಸರಿನಡಿ ಕ್ರೂಸ್ ಕಂಪನಿಗಳು ತೀರ ಬೇರೆ ಬೇರೆಯಾದ ನಾಲ್ಕು ಬಗೆಯ ಪ್ರಯಾಣಗಳನ್ನು ಮಾರುತ್ತವೆ.

ಮೊದಲನೆಯದು ರಾಜಧಾನಿಗಳ ಹಾದಿ: ಕೋಪನ್‌ಹೇಗನ್, ಓಸ್ಲೊ, ಸ್ಟಾಕ್‌ಹೋಮ್, ಕೆಲವೊಮ್ಮೆ ಹೆಲ್ಸಿಂಕಿ. ಇದು ಮುಖ್ಯವಾಗಿ ನಗರಗಳ, ವಸ್ತುಸಂಗ್ರಹಾಲಯಗಳ ಪ್ರಯಾಣ. 1628ರಲ್ಲಿ ತನ್ನ ಮೊದಲ ಯಾನದಲ್ಲೇ ಮುಳುಗಿ 1961ರಲ್ಲಿ ನೀರಿನಿಂದ ಮೇಲಕ್ಕೆತ್ತಲಾದ ವಾಸಾ ಯುದ್ಧನೌಕೆಯನ್ನು ಸ್ಟಾಕ್‌ಹೋಮಿನಲ್ಲಿ ನೋಡುವುದು, ಧ್ರುವಯಾನಗಳಿಗೆ ಹೋಗಿಬಂದ ಫ್ರಾಮ್ ಹಡಗಿನೊಳಗೆ ಓಸ್ಲೊದಲ್ಲಿ ಅಡ್ಡಾಡುವುದು ಇಂಥ ಹಾದಿಯ ಫಲಗಳು. ಸ್ಟಾಕ್‌ಹೋಮ್ ಕಾರ್ಯಕ್ರಮದಲ್ಲಿದ್ದರೆ ಹಡಗು ನಗರದೊಳಗೇ ನಿಲ್ಲುತ್ತದೆಯೋ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ನ್ಯೂನೆಸ್‌ಹಾಮ್ನ್ ಬಂದರಿನಲ್ಲಿ ನಿಲ್ಲುತ್ತದೆಯೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ದೊಡ್ಡ ಹಡಗುಗಳು ಹಲವು ಬಾರಿ ಎರಡನೆಯದರಲ್ಲೇ ನಿಲ್ಲುತ್ತವೆ. ಆಗ ನಗರದ ಮುಂದೆ ಹರಡಿಕೊಂಡಿರುವ ಸಾವಿರಾರು ದ್ವೀಪಗಳ ನಡುವೆ ಹಾದುಹೋಗುವ ಅವಕಾಶದ ಬಹುಪಾಲು ಕೈತಪ್ಪುತ್ತದೆ.

ಎರಡನೆಯದು ನಾರ್ವೆಯ ಕರಾವಳಿಯುದ್ದಕ್ಕೂ ಬರ್ಗನ್‌ನಿಂದ ಉತ್ತರಕ್ಕೆ ಸಾಗಿ ನೂರ್‌ಕಾಪ್ ಭೂಶಿರದವರೆಗೆ ಹೋಗುವ ಹಾದಿ. ಮೊದಲ ಬಾರಿ ಹೊರಟವರಿಗೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಫ್ಯೋರ್ಡ್‌ಗಳು (ಕಡಿದಾದ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಡಲಿನ ಕಿರಿದಾದ ತೋಳುಗಳು), ಮೀನುಗಾರರ ಹಳ್ಳಿಗಳು, ಸೂರ್ಯ ಮುಳುಗದ ರಾತ್ರಿ, ಮೂರೂ ಒಂದೇ ಪ್ರಯಾಣದಲ್ಲಿ ಸಿಗುತ್ತವೆ. ಹಡಗು ಬಹಳಷ್ಟು ದೂರ ದ್ವೀಪಗಳ ಮರೆಯಲ್ಲೇ ಚಲಿಸುವುದರಿಂದ ಸಮುದ್ರದ ಹೊಯ್ದಾಟವೂ ಕಡಿಮೆ. ಇದೇ ನೀರಿನಲ್ಲಿ 1893ರಿಂದ ಹುರ್ಟಿಗ್ರೂಟನ್ ಅಂಚೆ ಮತ್ತು ಸರಕಿನ ಹಡಗುಗಳು ಓಡಾಡುತ್ತ ಬಂದಿವೆ. ಇಂದಿಗೂ ಈ ಕರಾವಳಿ ಸೇವೆಯ ಹಡಗುಗಳು ಬರ್ಗನ್ ಮತ್ತು ಶಿರ್ಕೆನೆಸ್ ನಡುವೆ 34 ಬಂದರುಗಳನ್ನು ಮುಟ್ಟುತ್ತವೆ. ಅವು ಐಷಾರಾಮಿ ಹಡಗುಗಳಲ್ಲವಾದರೂ ಆ ಕರಾವಳಿಯ ನಿತ್ಯಜೀವನ ಅವುಗಳಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಮೂರನೆಯದು ಸ್ವಾಲ್ಬಾರ್ಡ್ ದ್ವೀಪಸಮೂಹದ ಹಾದಿ. ನೂರ್‌ಕಾಪ್‌ನಿಂದ ಇನ್ನೂ ಉತ್ತರಕ್ಕೆ ಬಾರೆಂಟ್ಸ್ ಸಮುದ್ರವನ್ನು ದಾಟಿ, ನಡುವೆ ಒಂಟಿಯಾಗಿ ನಿಂತಿರುವ ಬ್ಯೋರ್ನೊಯಾ ದ್ವೀಪವನ್ನು ಹಿಂದಿಕ್ಕಿ, 78ನೆಯ ಅಕ್ಷಾಂಶದಲ್ಲಿರುವ ಲಾಂಗ್‌ಇಯರ್‌ಬ್ಯೇನ್ ಊರನ್ನು ತಲುಪುವ ಈ ಪ್ರಯಾಣದಲ್ಲಿ ತೆರೆದ ಕಡಲಿನ ಭಾಗ ಗಣನೀಯವಾಗಿದೆ. ಹಿಮನದಿಗಳು, ವಾಲ್ರಸ್‌ಗಳು, ಧ್ರುವಕರಡಿಗಳು ಬೇಕೆನ್ನುವವರು ಬರಬೇಕಾದದ್ದು ಇಲ್ಲಿಗೇ. ನೂರ್‌ಕಾಪ್‌ನಲ್ಲಿ ಧ್ರುವಕರಡಿ ಇರುವುದಿಲ್ಲ ಎಂಬ ಸಂಗತಿ ಎಷ್ಟೋ ಪ್ರಯಾಣಿಕರಿಗೆ ಹಡಗು ಹತ್ತಿದ ಮೇಲೆ ತಿಳಿಯುತ್ತದೆ.

ನಾಲ್ಕನೆಯದು ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ಗಳ ಹಾದಿ. ಇದು ಪ್ರತ್ಯೇಕ ಲೇಖನವನ್ನೇ ಬೇಡುವ ವಿಷಯ. ಇಲ್ಲಿ ಇಷ್ಟು ಹೇಳಿದರೆ ಸಾಕು: ಐಸ್‌ಲ್ಯಾಂಡಿನ ಅಕುರೇರಿ ಮತ್ತು ಈಸಾಫ್ಯೋರ್ದುರ್ ಬಂದರುಗಳು ಜಲಪಾತಗಳಿಗೂ ತಿಮಿಂಗಿಲಗಳಿಗೂ ಸಮೀಪವಾಗಿವೆ, ಗ್ರೀನ್‌ಲ್ಯಾಂಡಿನ ಇಲುಲಿಸಾಟ್‌ನಲ್ಲಿ, 2004ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಿಮಫ್ಯೋರ್ಡ್‌ನ ಬಾಯಿಯಲ್ಲಿ, ತೇಲುವ ಮಂಜುಗಡ್ಡೆಗಳು ಬೆಟ್ಟಗಳ ಗಾತ್ರದಲ್ಲಿ ಬಂದು ನಿಲ್ಲುತ್ತವೆ.

ಹತ್ತು ಹನ್ನೆರಡು ದಿನಗಳಲ್ಲಿ ಈ ನಾಲ್ಕನ್ನೂ ಮುಟ್ಟಿಸುತ್ತೇವೆ ಎನ್ನುವ ಕಾರ್ಯಕ್ರಮವನ್ನು ದೂರವಿಡುವುದು ಒಳ್ಳೆಯದು. ದೂರಗಳು ಬಹಳ ದೊಡ್ಡವು. ಅಂಥ ಪ್ರಯಾಣದಲ್ಲಿ ಬಂದರಿನ ಗಂಟೆಗಳು ಕರಗಿ ಕಡಲಿನ ದಿನಗಳಾಗುತ್ತವೆ.

ತಿಂಗಳು ಮತ್ತು ಬೆಳಕು

ಬೇಸಿಗೆ ಎಂಬ ಒಂದೇ ಮಾತಿನಲ್ಲಿ ಜೂನ್, ಜುಲೈ, ಆಗಸ್ಟ್‌ಗಳನ್ನು ಸೇರಿಸಿಬಿಡುವುದು ವಾಡಿಕೆ. ಆದರೆ ಉತ್ತರದಲ್ಲಿ ಈ ಮೂರು ತಿಂಗಳುಗಳು ಮೂರು ಋತುಗಳಷ್ಟು ಬೇರೆಯಾಗಿರುತ್ತವೆ.

ಮಧ್ಯರಾತ್ರಿಯ ಸೂರ್ಯನನ್ನು ನೋಡುವುದೇ ಗುರಿಯಾಗಿದ್ದರೆ ಲೆಕ್ಕ ಹೀಗಿದೆ. ನೂರ್‌ಕಾಪ್‌ನಲ್ಲಿ ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ, ಉತ್ತರ ನಾರ್ವೆಯ ಟ್ರೋಮ್ಸೊದಲ್ಲಿ ಮೇ 20ರ ಆಸುಪಾಸಿನಿಂದ ಜುಲೈ 22ರ ಆಸುಪಾಸಿನವರೆಗೆ, ಲಾಂಗ್‌ಇಯರ್‌ಬ್ಯೇನ್‌ನಲ್ಲಿ ಏಪ್ರಿಲ್ ಇಪ್ಪತ್ತರ ಸುಮಾರಿನಿಂದ ಆಗಸ್ಟ್ ಇಪ್ಪತ್ತು ದಾಟುವವರೆಗೆ ಸೂರ್ಯ ದಿಗಂತದ ಕೆಳಗೆ ಇಳಿಯುವುದಿಲ್ಲ. ಬರ್ಗನ್, ಓಸ್ಲೊ, ಸ್ಟಾಕ್‌ಹೋಮ್‌ಗಳು ಆರ್ಕ್ಟಿಕ್ ವೃತ್ತಕ್ಕಿಂತ ಬಹಳ ದಕ್ಷಿಣದಲ್ಲಿರುವುದರಿಂದ ಅಲ್ಲಿ ಜೂನ್ ತಿಂಗಳಲ್ಲೂ ಸೂರ್ಯ ಮುಳುಗುತ್ತಾನೆ, ಆದರೆ ಕಡುಗತ್ತಲೆಯಾಗುವುದಿಲ್ಲ. ಇದರ ಜೊತೆಯಲ್ಲೇ ನೆನಪಿಡಬೇಕಾದ ಇನ್ನೊಂದು ಮಾತು, ಉತ್ತರದ ರಾತ್ರಿಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕಾದ ಧ್ರುವಪ್ರಭೆಯದು. ಆಕಾಶ ಕತ್ತಲಾಗದೆ ಅದು ಕಣ್ಣಿಗೆ ಕಾಣುವುದಿಲ್ಲ. ಮಧ್ಯರಾತ್ರಿಯ ಸೂರ್ಯನನ್ನೂ ಧ್ರುವಪ್ರಭೆಯನ್ನೂ ಒಂದೇ ವಾರದಲ್ಲಿ ತೋರಿಸುತ್ತೇವೆಂದು ಯಾರಾದರೂ ಹೇಳಿದರೆ ಅದನ್ನು ನಂಬಬಾರದು. ಪ್ರಭೆ ಬೇಕೆನ್ನುವವರು ಆಗಸ್ಟ್ ಕೊನೆಯ ವಾರದಿಂದ ಮುಂದೆ, ಐಸ್‌ಲ್ಯಾಂಡ್ ಅಥವಾ ಉತ್ತರ ನಾರ್ವೆಯ ಹಾದಿಯನ್ನು ಹುಡುಕಬೇಕು.

ಜಲಪಾತಗಳ ಮಟ್ಟಿಗೆ ಜೂನ್ ಶ್ರೇಷ್ಠ. ಬೆಟ್ಟಗಳ ಮೇಲಿನ ಹಿಮ ಆಗ ವೇಗವಾಗಿ ಕರಗುತ್ತಿರುತ್ತದೆ. ಗೈರಾಂಗರ್ ಫ್ಯೋರ್ಡ್‌ನ ಏಳು ಸೋದರಿಯರು ಎಂಬ ಜಲಪಾತದ ಏಳೂ ಧಾರೆಗಳು ಮೈದುಂಬಿ ಇಳಿಯುವುದು ಆ ದಿನಗಳಲ್ಲಿ. ಒಣ ಬೇಸಿಗೆಯ ಆಗಸ್ಟ್‌ನಲ್ಲಿ ಕೆಲವು ಧಾರೆಗಳು ಗೆರೆಯಷ್ಟು ಸಣ್ಣಗಾಗುತ್ತವೆ. ಕಡಲಹಕ್ಕಿಗಳ ವಿಷಯವೂ ಹೀಗೆಯೇ: ಬಣ್ಣದ ಕೊಕ್ಕಿನ ಪಫಿನ್‌ಗಳು ಆಗಸ್ಟ್ ಮುಗಿಯುವುದರೊಳಗೆ ಗೂಡು ಬಿಟ್ಟು ಸಮುದ್ರಕ್ಕೆ ಹೋಗಿಬಿಡುತ್ತವೆ. ಇತ್ತ ಸ್ವಾಲ್ಬಾರ್ಡ್‌ನಲ್ಲಿ ಜೂನ್ ತಿಂಗಳೆಂದರೆ ದಡದಲ್ಲಿ ಇನ್ನೂ ಹಿಮ, ಉತ್ತರದ ತೀರಗಳ ಸುತ್ತ ಇನ್ನೂ ಮಂಜುಗಡ್ಡೆ. ನೋಟ ಬಹಳ ಚೆನ್ನಾಗಿರುತ್ತದೆ, ಆದರೆ ಹಡಗು ದ್ವೀಪಗಳನ್ನು ಪೂರ್ತಿ ಸುತ್ತಿಬರುವ ಸಂಭವ ಕಡಿಮೆ. ಆರ್ಕ್ಟಿಕ್‌ನ ಕಡಲ ಮಂಜುಗಡ್ಡೆ ಸೆಪ್ಟೆಂಬರ್‌ನಲ್ಲಿ ವರ್ಷದ ಕನಿಷ್ಠ ಮಟ್ಟಕ್ಕೆ ಇಳಿಯುವುದರಿಂದ, ಸುತ್ತುಯಾನದ ಆಸೆಯಿರುವವರಿಗೆ ಜುಲೈ ಕೊನೆ ಮತ್ತು ಆಗಸ್ಟ್ ಹೆಚ್ಚು ಅನುಕೂಲ.

ಲೋಫೋಟನ್ ದ್ವೀಪಗಳಲ್ಲಿ ಮರದ ಚೌಕಟ್ಟುಗಳ ಮೇಲೆ ಕಾಡ್ ಮೀನನ್ನು ಸಾಲುಸಾಲಾಗಿ ತೂಗುಹಾಕಿ ಒಣಗಿಸುವ ಚಿತ್ರಗಳನ್ನು ಪ್ರಚಾರಪತ್ರಗಳಲ್ಲಿ ನೋಡಿರುತ್ತೀರಿ. ಆ ಕೆಲಸ ಚಳಿಗಾಲದ ಕೊನೆಯಲ್ಲಿ ಶುರುವಾಗಿ ಬೇಸಿಗೆಯ ಆರಂಭಕ್ಕೆ ಮುಗಿಯುತ್ತದೆ. ಜುಲೈನಲ್ಲಿ ಹೋದವರಿಗೆ ಕಾಣುವುದು ಬಹುಮಟ್ಟಿಗೆ ಬರಿಯ ಚೌಕಟ್ಟುಗಳು. ಹಾಗೆಯೇ ಉತ್ತರ ನಾರ್ವೆಯ ಫ್ಯೋರ್ಡ್‌ಗಳಿಗೆ ಹೆರಿಂಗ್ ಮೀನಿನ ಹಿಂದೆ ಬರುವ ಹಂಪ್‌ಬ್ಯಾಕ್ ಮತ್ತು ಓರ್ಕಾ ತಿಮಿಂಗಿಲಗಳ ಹಿಂಡುಗಳು ಚಳಿಗಾಲದ ನೋಟವೇ ಹೊರತು ಬೇಸಿಗೆಯದಲ್ಲ. ಬೇಸಿಗೆಯಲ್ಲಿ ತಿಮಿಂಗಿಲಗಳನ್ನು ನೋಡಲು ವೆಸ್ಟರೋಲನ್ ದ್ವೀಪಗಳ ಆಂಡೆನೆಸ್ ಅಥವಾ ಐಸ್‌ಲ್ಯಾಂಡಿನ ಹೂಸವೀಕ್ ಒಳ್ಳೆಯ ತಾಣಗಳು.

ಹಡಗಿನ ಗಾತ್ರವೇ ಪ್ರಯಾಣದ ಸ್ವರೂಪ

ಐಷಾರಾಮಿ ಎಂಬ ಹಣೆಪಟ್ಟಿಯಡಿ ಎರಡು ಜಾತಿಯ ಹಡಗುಗಳಿವೆ. ಐನೂರರಿಂದ ಸಾವಿರದೊಳಗಿನ ಪ್ರಯಾಣಿಕರನ್ನು ಒಯ್ಯುವ, ಬಹುತೇಕ ಎಲ್ಲ ಕೋಣೆಗಳಿಗೂ ಬಾಲ್ಕನಿಯಿರುವ ಹಡಗುಗಳು ಒಂದು ಜಾತಿ. ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬೋರ್ನ್, ವೈಕಿಂಗ್ ಮೊದಲಾದ ಕಂಪನಿಗಳ ದೊಡ್ಡ ಹಡಗುಗಳು ಇದಕ್ಕೆ ಸೇರುತ್ತವೆ. ನೂರರಿಂದ ಇನ್ನೂರೈವತ್ತರ ಆಸುಪಾಸಿನ ಪ್ರಯಾಣಿಕರನ್ನು ಒಯ್ಯುವ, ಮಂಜುಗಡ್ಡೆಯನ್ನು ತಾಳಬಲ್ಲ ಒಡಲಿನ ಅನ್ವೇಷಣಾ ಹಡಗುಗಳು ಇನ್ನೊಂದು ಜಾತಿ. ಇವುಗಳಲ್ಲಿ ರಬ್ಬರಿನ ಜೋಡಿಯಾಕ್ ದೋಣಿಗಳೂ, ಪ್ರಕೃತಿಯನ್ನು ಬಲ್ಲ ಮಾರ್ಗದರ್ಶಕರ ತಂಡವೂ ಇರುತ್ತವೆ. ಇವುಗಳ ತುದಿಯಲ್ಲಿ ಫ್ರಾನ್ಸಿನ ಪೋನಾಂ ಕಂಪನಿಯ ಲ ಕೊಮಾಂಡಾಂ ಶಾರ್ಕೊ ಇದೆ. ಮಂಜನ್ನು ಒಡೆದು ಸಾಗುವ ಆ ಹಡಗು 2021ರಲ್ಲಿ ಭೌಗೋಳಿಕ ಉತ್ತರ ಧ್ರುವವನ್ನೇ ಮುಟ್ಟಿಬಂದಿತು.

ನಾರ್ವೆಯ ಕರಾವಳಿಗೆ ಮೊದಲನೆಯ ಜಾತಿ ಸಾಕು. ಸ್ವಾಲ್ಬಾರ್ಡ್‌ಗೆ ಮಾತ್ರ ಎರಡನೆಯದೇ ಆಗಬೇಕು, ಮತ್ತು ಇದಕ್ಕೆ ಅಭಿರುಚಿಗಿಂತ ಕಾನೂನೇ ಮುಖ್ಯ ಕಾರಣ. 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಸ್ವಾಲ್ಬಾರ್ಡ್‌ನ ಸಂರಕ್ಷಿತ ಪ್ರದೇಶಗಳೊಳಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳು ಪ್ರವೇಶಿಸುವಂತಿಲ್ಲ. ಆ ಪ್ರದೇಶಗಳಲ್ಲಿ ದಡಕ್ಕಿಳಿಯಲು ಗೊತ್ತುಪಡಿಸಿದ 43 ಸ್ಥಳಗಳಷ್ಟೇ ಉಳಿದಿವೆ. ದ್ವೀಪಸಮೂಹದ ಬಹುಭಾಗ ಸಂರಕ್ಷಿತ ಪ್ರದೇಶವೇ ಆಗಿರುವುದರಿಂದ, ಏಳುನೂರು ಜನರ ಹಡಗು ಕಾರ್ಯಕ್ರಮದಲ್ಲಿ "ಸ್ವಾಲ್ಬಾರ್ಡ್" ಎಂದು ಬರೆದಿದ್ದರೂ ಅದರ ನಿಜವಾದ ಅರ್ಥ ಲಾಂಗ್‌ಇಯರ್‌ಬ್ಯೇನ್ ಮತ್ತು ಪಶ್ಚಿಮ ತೀರದ ಒಂದೆರಡು ಫ್ಯೋರ್ಡ್‌ಗಳು. ಊರನ್ನು ನೋಡಿ ಹಿಮನದಿಯೊಂದನ್ನು ಡೆಕ್ಕಿನಿಂದ ಕಂಡು ಬರುವುದು ಸಾಕೆನ್ನುವವರಿಗೆ ಅದೂ ಸರಿಯೇ. ಆದರೆ ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಮೊದಲೇ ಸ್ಪಷ್ಟವಾಗಿರಬೇಕು. ಹಡಗಿನ ಸಾಮರ್ಥ್ಯ 200ಕ್ಕಿಂತ ಸ್ವಲ್ಪ ಹೆಚ್ಚಿದ್ದರೆ, ಆ ಯಾನದಲ್ಲಿ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತೀರಿ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಬೇಕು.

ನಾರ್ವೆಯ ವಿಶ್ವಪರಂಪರೆಯ ಫ್ಯೋರ್ಡ್‌ಗಳಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಗೈರಾಂಗರ್ ಮತ್ತು ನೇರೋಯ್ ಫ್ಯೋರ್ಡ್‌ಗಳು 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅಲ್ಲಿ ಹಡಗುಗಳು ಹೊಗೆಯುಗುಳದೆ ಸಾಗಬೇಕೆಂಬ ನಿಯಮ 10,000 ಟನ್‌ಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿ 1ರಿಂದ ಅನ್ವಯಿಸುತ್ತದೆ. ಅದಕ್ಕಿಂತ ದೊಡ್ಡವುಗಳಿಗೆ 2032ರವರೆಗೆ ಕಾಲಾವಕಾಶ ಸಿಕ್ಕಿದೆ. ಹೀಗಾಗಿ ಈ ವರ್ಷಗಳಲ್ಲಿ ಸಣ್ಣ ಐಷಾರಾಮಿ ನೌಕೆಯ ಕಾರ್ಯಕ್ರಮದಲ್ಲಿ ಗೈರಾಂಗರ್ ಅಥವಾ ಇದೇ ನಿಯಮಕ್ಕೆ ಒಳಪಟ್ಟ ಔರ್‌ಲಾಂಡ್ಸ್‌ಫ್ಯೋರ್ಡ್ ದಡದ ಫ್ಲೋಮ್ ಕಂಡರೆ, ಅದು ಯಾವ ಇಂಧನದಿಂದ ಒಳಗೆ ಹೋಗುತ್ತದೆ, ಹೋಗಲಾಗದಿದ್ದರೆ ಬದಲಿಗೆ ಯಾವ ಬಂದರು ಎಂದು ವಿಚಾರಿಸದೆ ಮುಂಗಡ ಕಟ್ಟಬಾರದು. ಹಳೆಯ ಪ್ರಚಾರಪತ್ರಗಳನ್ನು ನೋಡಿ ತೀರ್ಮಾನಿಸುವುದಂತೂ ಸಲ್ಲದು.

ಕೋಣೆ ಮತ್ತು ದರ

ಕೋಣೆಯನ್ನು ಆರಿಸುವಾಗ ಎರಡೇ ಸಂಗತಿಗಳು ನಿಜವಾಗಿ ಮುಖ್ಯ. ಒಂದು, ಕಡಲು ಹೊಯ್ದಾಡಿದಾಗ ಅತಿ ಕಡಿಮೆ ಅಲುಗುವುದು ಹಡಗಿನ ನಡುಭಾಗದ ಕೆಳಗಿನ ಡೆಕ್ಕುಗಳು. ಅತಿ ದುಬಾರಿಯಾದ ಸೂಟುಗಳು ಹಲವು ಹಡಗುಗಳಲ್ಲಿ ಮೇಲಿನ ಡೆಕ್ಕುಗಳಲ್ಲಿ ಅಥವಾ ಮುಂತುದಿಯಲ್ಲಿರುತ್ತವೆ. ಬಾರೆಂಟ್ಸ್ ಸಮುದ್ರ ದಾಟುವ ಹಾದಿಯಲ್ಲಿ, ಕಡಲಕಾಯಿಲೆ ಬರುವವರು ಹೆಚ್ಚು ಹಣ ಕೊಟ್ಟು ಹೆಚ್ಚು ಸಂಕಟವನ್ನು ಕೊಂಡುಕೊಳ್ಳಬಾರದು. ಎರಡು, ನಾರ್ವೆಯ ಕರಾವಳಿಯಲ್ಲಿ ಒಂದೇ ದಿಕ್ಕಿನ ಪ್ರಯಾಣವಾದರೆ ಬದಿಯ ಆಯ್ಕೆಗೆ ಬೆಲೆಯಿದೆ: ಉತ್ತರಕ್ಕೆ ಹೋಗುವಾಗ ನೆಲ ಬಲಗಡೆ ಇರುತ್ತದೆ, ದಕ್ಷಿಣಕ್ಕೆ ಬರುವಾಗ ಎಡಗಡೆ. ಹೋಗಿಬರುವ ಪ್ರಯಾಣಕ್ಕೂ, ಫ್ಯೋರ್ಡ್‌ಗಳ ಒಳಕ್ಕೂ ಈ ಲೆಕ್ಕ ಬೇಕಿಲ್ಲ. ಕಿಟಕಿಗೆ ಬೆಳಕು ನುಸುಳದ ಪರದೆಯಿದೆಯೇ ಎಂದು ಕೇಳಿ; ಇದ್ದರೂ ಕಣ್ಣುಪಟ್ಟಿಯೊಂದನ್ನು ಜೊತೆಗಿಟ್ಟುಕೊಳ್ಳಿ. ಬೆಳಕಿನ ರಾತ್ರಿಗಳಲ್ಲಿ ಮೂರನೆಯ ದಿನದ ಹೊತ್ತಿಗೆ ನಿದ್ದೆಯ ಕೊರತೆ ಎಲ್ಲರನ್ನೂ ಕಾಡುತ್ತದೆ.

ದರಗಳನ್ನು ಹೋಲಿಸುವಾಗ ಒಟ್ಟು ಮೊತ್ತವನ್ನು ದಿನಗಳಿಂದ ಭಾಗಿಸಿ, ಅದರೊಳಗೆ ಏನೇನು ಸೇರಿದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಬೇಕು. ದಡದ ಪ್ರವಾಸಗಳು, ಪಾನೀಯಗಳು, ಸಿಬ್ಬಂದಿಯ ಭಕ್ಷೀಸು, ಅಂತರ್ಜಾಲ, ಬಟ್ಟೆ ಒಗೆತ, ಹಡಗಿನವರೆಗಿನ ವಿಮಾನ ಇವೆಲ್ಲ ಕೆಲವು ಕಂಪನಿಗಳಲ್ಲಿ ದರದೊಳಗೇ ಇರುತ್ತವೆ, ಕೆಲವುದರಲ್ಲಿ ಭಾಗಶಃ ಇರುತ್ತವೆ. ನಾರ್ವೆ ಮತ್ತು ಐಸ್‌ಲ್ಯಾಂಡ್‌ಗಳಲ್ಲಿ ಊಟ, ಟ್ಯಾಕ್ಸಿ, ಮಾರ್ಗದರ್ಶಕರ ಸೇವೆ ಬಹಳ ದುಬಾರಿ. ಆದುದರಿಂದ ದಡದ ಪ್ರವಾಸಗಳು ಸೇರಿರುವ ಹೆಚ್ಚಿನ ದರ, ಸೇರದಿರುವ ಕಡಿಮೆ ದರಕ್ಕಿಂತ ಕೊನೆಯಲ್ಲಿ ಅಗ್ಗವಾಗುವುದು ಅಪರೂಪವಲ್ಲ. ಒಬ್ಬರೇ ಹೋಗುವವರಿಗೆ ವಿಧಿಸುವ ಹೆಚ್ಚುವರಿ ದರ ಯಾನದಿಂದ ಯಾನಕ್ಕೆ ಬಹಳ ಬದಲಾಗುತ್ತದೆ. ದಿನಾಂಕದಲ್ಲಿ ಸಡಿಲಿಕೆ ಇರುವವರು ಅದನ್ನೇ ಮೊದಲು ವಿಚಾರಿಸಬೇಕು.

ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಐಸ್‌ಲ್ಯಾಂಡ್‌ಗಳ ನಾಣ್ಯಗಳಿಗೆ ಕ್ರೋನ, ಕ್ರೋನರ್ ಎಂಬ ಒಂದೇ ಬಗೆಯ ಹೆಸರಿದ್ದರೂ ನಾಲ್ಕೂ ಬೇರೆ ಬೇರೆ, ಒಂದು ಇನ್ನೊಂದರಲ್ಲಿ ನಡೆಯುವುದಿಲ್ಲ. ಕಾರ್ಡ್ ಎಲ್ಲ ಕಡೆಯೂ ನಡೆಯುವುದರಿಂದ ನಗದನ್ನು ಬದಲಿಸಿಕೊಳ್ಳುವ ಅಗತ್ಯ ಬಹುಮಟ್ಟಿಗೆ ಇಲ್ಲ.

ವೀಸಾದ ಬಲೆ

ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಒಂದೇ ವೀಸಾ) ಬೇಕಾದ ಪಾಸ್‌ಪೋರ್ಟ್ ಹೊಂದಿರುವವರು ಈ ಭಾಗವನ್ನು ಎರಡು ಬಾರಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾರ್ವೆ ಮತ್ತು ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದ ಸದಸ್ಯರಲ್ಲದಿದ್ದರೂ ಷೆಂಗೆನ್ ವಲಯದೊಳಗಿವೆ. ಸ್ವಾಲ್ಬಾರ್ಡ್ ನಾರ್ವೆಯ ಆಡಳಿತದಲ್ಲಿದ್ದರೂ ಷೆಂಗೆನ್ ವಲಯದ ಹೊರಗಿದೆ. 1920ರ ಒಪ್ಪಂದದಿಂದ ಬಂದ ವಿಶೇಷ ಸ್ಥಾನಮಾನದ ಕಾರಣ ಅಲ್ಲಿಗೆ ಪ್ರತ್ಯೇಕ ವೀಸಾ ಬೇಡ. ಆದರೆ ಅಲ್ಲಿಗೆ ಹೋಗುವ ಮತ್ತು ಮರಳುವ ದಾರಿ ನಾರ್ವೆಯ ಮುಖ್ಯಭೂಮಿಯ ಮೂಲಕವಾದ್ದರಿಂದ, ಟ್ರೋಮ್ಸೊ ಅಥವಾ ಓಸ್ಲೊ ಬಿಟ್ಟು ಸ್ವಾಲ್ಬಾರ್ಡ್ ಮುಟ್ಟಿ ಮತ್ತೆ ಮುಖ್ಯಭೂಮಿಗೆ ಬಂದಾಗ ಅದು ಎರಡನೆಯ ಪ್ರವೇಶವೆನಿಸುತ್ತದೆ. ಒಂದೇ ಪ್ರವೇಶದ ವೀಸಾ ಇದ್ದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಅರ್ಜಿಯಲ್ಲೇ ಬಹುಪ್ರವೇಶವನ್ನು ಕೇಳಿ, ಹಡಗಿನ ಕಾರ್ಯಕ್ರಮದ ಪ್ರತಿಯನ್ನು ಲಗತ್ತಿಸಬೇಕು.

ಗ್ರೀನ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳು ಡೆನ್ಮಾರ್ಕ್ ಸಾಮ್ರಾಜ್ಯಕ್ಕೆ ಸೇರಿದ್ದರೂ ಷೆಂಗೆನ್ ವಲಯಕ್ಕೆ ಸೇರಿಲ್ಲ. ಅವುಗಳಿಗೆ ಅನುಮತಿ ಇದೆಯೆಂದು ವೀಸಾದ ಮೇಲೆಯೇ ನಮೂದಾಗಿರಬೇಕು. ಸೌತಾಂಪ್ಟನ್ ಅಥವಾ ಡೋವರ್‌ನಿಂದ ಹೊರಡುವ ಇಲ್ಲವೆ ಶೆಟ್‌ಲ್ಯಾಂಡಿನ ಲರ್ವಿಕ್ ಮುಟ್ಟುವ ಹಡಗಾದರೆ ಬ್ರಿಟನ್ನಿನ ಪ್ರವೇಶ ನಿಯಮಗಳನ್ನೂ ಪ್ರತ್ಯೇಕವಾಗಿ ಪೂರೈಸಬೇಕಾಗುತ್ತದೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಸಲ್ಲಿಸಬಹುದು. ಬೇಸಿಗೆಯ ನೂಕುನುಗ್ಗಲನ್ನು ನೆನೆದರೆ ಆದಷ್ಟು ಬೇಗ ಸಲ್ಲಿಸುವುದೇ ಲೇಸು. ವೀಸಾಕ್ಕೆ ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ. ಆರ್ಕ್ಟಿಕ್‌ಗೆ ಹೋಗುವವರು ಅದಕ್ಕಿಂತ ಬಹಳ ದೊಡ್ಡ ಮೊತ್ತದ, ಹೆಲಿಕಾಪ್ಟರ್ ಮೂಲಕ ತೆರವುಗೊಳಿಸುವ ವೆಚ್ಚವನ್ನೂ ಭರಿಸುವ ವಿಮೆಯನ್ನು ಮಾಡಿಸಬೇಕು. ಹಡಗಿನ ವೈದ್ಯರಿಂದಾಗುವುದು ಸೀಮಿತ, ಲಾಂಗ್‌ಇಯರ್‌ಬ್ಯೇನ್‌ನ ಆಸ್ಪತ್ರೆ ಚಿಕ್ಕದು, ದೊಡ್ಡ ಚಿಕಿತ್ಸೆಗೆ ರೋಗಿಯನ್ನು ವಿಮಾನದಲ್ಲಿ ಟ್ರೋಮ್ಸೊಗೆ ಸಾಗಿಸಬೇಕಾಗುತ್ತದೆ.

ಬಂದರುಗಳಲ್ಲಿ ದಿನ ಕಳೆಯುವ ಬಗೆ

ಬರ್ಗನ್‌ನಲ್ಲಿ ಮಳೆ ಇಲ್ಲದ ದಿನವನ್ನು ನಿರೀಕ್ಷಿಸಬಾರದು. ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಅಲ್ಲಿ ಮಳೆಯಾಗುತ್ತದೆ. ಆದರೆ ಆ ಮಳೆ ಬಂದಂತೆಯೇ ಬಿಡುತ್ತದೆ. ಮಧ್ಯಯುಗದ ಜರ್ಮನ್ ವರ್ತಕ ಸಂಘವಾದ ಹನ್ಸಾದ ವ್ಯಾಪಾರಿಗಳ ಕಾಲದ ನೆನಪನ್ನು ಉಳಿಸಿಕೊಂಡಿರುವ ಬ್ರಿಗ್ಗನ್ ಮರದ ಮನೆಗಳ ಸಾಲಿಗೂ, 1918ರಿಂದ ಓಡುತ್ತಿರುವ ಫ್ಲೋಯ್‌ಬಾನನ್ ಬೆಟ್ಟದ ರೈಲಿಗೂ ಕಾಲ್ನಡಿಗೆಯಲ್ಲೇ ಹೋಗಬಹುದಾದ್ದರಿಂದ ಇಲ್ಲಿ ಹಡಗಿನ ಪ್ರವಾಸಕ್ಕೆ ಹಣ ಕಟ್ಟುವ ಅಗತ್ಯವಿಲ್ಲ. ಓಲೆಸುಂಡ್ ಕೂಡ ಕಾಲ್ನಡಿಗೆಯ ಊರು. 1904ರ ಜನವರಿಯ ಬೆಂಕಿಯಲ್ಲಿ ಸುಟ್ಟುಹೋಗಿ, ಕೆಲವೇ ವರ್ಷಗಳಲ್ಲಿ ಆರ್ಟ್ ನುವೋ ಶೈಲಿಯಲ್ಲಿ ಇಡಿಯಾಗಿ ಮತ್ತೆ ಎದ್ದುನಿಂತ ಅದರ ಬೀದಿಗಳನ್ನು ನೋಡುತ್ತ, 418 ಮೆಟ್ಟಿಲುಗಳನ್ನು ಹತ್ತಿ ಆಕ್ಸ್ಲಾ ಗುಡ್ಡದ ತುದಿ ಸೇರಿದರೆ ಅರ್ಧ ದಿನ ಸಾರ್ಥಕವಾಗುತ್ತದೆ.

ಫ್ಲೋಮ್‌ನ ವಿಷಯದಲ್ಲಿ ಸಲಹೆ ಬೇರೆ. ಕಡಲ ಮಟ್ಟದಿಂದ 866 ಮೀಟರ್ ಎತ್ತರದ ಮಿರ್ಡಾಲ್‌ವರೆಗೆ 20 ಕಿಲೋಮೀಟರ್ ದೂರವನ್ನು ಏರುವ ಫ್ಲೋಮ್ಸ್‌ಬಾನ ರೈಲಿನ ಆಸನಗಳು ಹಡಗುಗಳು ಬರುವ ದಿನ ಬೇಗ ಮುಗಿದುಹೋಗುತ್ತವೆ. ಅದನ್ನು ತಿಂಗಳುಗಳ ಮೊದಲೇ, ಹಡಗಿನ ಮೂಲಕವಾಗಲಿ ನೇರವಾಗಿಯಾಗಲಿ, ಕಾದಿರಿಸಬೇಕು. ಆ ರೈಲು ಸಿಗದಿದ್ದವರು ಬೇಸರಪಡಬೇಕಿಲ್ಲ. ಸೈಕಲ್ ಬಾಡಿಗೆಗೆ ಪಡೆದು ಕಣಿವೆಯೊಳಗೆ ಹೋಗುವುದು, ನೇರೋಯ್ ಫ್ಯೋರ್ಡ್‌ನ ವಿದ್ಯುತ್ ದೋಣಿಯಲ್ಲಿ ಕುಳಿತು ಗುಡ್ವಾಂಗನ್‌ಗೆ ಹೋಗಿಬರುವುದು ನನ್ನ ದೃಷ್ಟಿಯಲ್ಲಿ ರೈಲಿಗಿಂತ ಒಂದು ಕೈ ಮೇಲು. ಗೈರಾಂಗರ್‌ನಲ್ಲಿ ಹಲವು ಹಡಗುಗಳು ನೀರಿನಲ್ಲೇ ಲಂಗರು ಹಾಕಿ ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತವೆ. ಬೇಸಿಗೆಯಲ್ಲದ ಕಾಲದಲ್ಲಿ ಕೆಲವೇ ನೂರು ಜನ ವಾಸಿಸುವ ಆ ಹಳ್ಳಿಗೆ ಮೂರು ಹಡಗುಗಳು ಒಟ್ಟಿಗೆ ಬಂದರೆ ಏನಾಗುತ್ತದೆಂದು ಊಹಿಸಬಹುದು. ಯಾವ ಬಂದರಿಗೆ ಯಾವ ದಿನ ಎಷ್ಟು ಹಡಗುಗಳು ಬರುತ್ತವೆ ಎಂಬ ವೇಳಾಪಟ್ಟಿಯನ್ನು ಬಂದರು ಮಂಡಳಿಗಳೇ ಪ್ರಕಟಿಸುತ್ತವೆ. ಯಾನವನ್ನು ಆರಿಸುವ ಮುನ್ನ ಅದನ್ನು ನೋಡುವುದಕ್ಕೆ ಹತ್ತು ನಿಮಿಷ ಸಾಕು, ಅದರಿಂದಾಗುವ ಲಾಭ ದೊಡ್ಡದು.

ಸ್ವಂತವಾಗಿ ಸುತ್ತಾಡಲು ಹೋದವರಿಗಾಗಿ ಹಡಗು ಕಾಯುವುದಿಲ್ಲ, ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಕಾಯುತ್ತದೆ. ದೂರದ ಬೆಟ್ಟದ ರಸ್ತೆಗಳಿಗೆ ಹೋಗುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಹೊನ್ನಿಂಗ್ಸ್‌ವೋಗ್ ಬಂದರು ಮುಟ್ಟುವ ಸಮಯವನ್ನು ಕಾರ್ಯಕ್ರಮದಲ್ಲಿ ವಿಶೇಷವಾಗಿ ಗಮನಿಸಬೇಕು. ಅಲ್ಲಿಂದ ನೂರ್‌ಕಾಪ್‌ಗೆ ಸುಮಾರು 35 ಕಿಲೋಮೀಟರ್ ರಸ್ತೆ. ಹಡಗು ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟರೆ 307 ಮೀಟರ್ ಎತ್ತರದ ಆ ಬಂಡೆಯ ತುದಿಯಲ್ಲಿ ನಿಲ್ಲುವುದೇನೋ ಆಗುತ್ತದೆ, ಆದರೆ ಮಧ್ಯರಾತ್ರಿಯ ಸೂರ್ಯ ಅಲ್ಲಿ ಕಾಣುವುದಿಲ್ಲ. ಸಂಜೆ ಬಂದು ರಾತ್ರಿ ಒಂದು ಎರಡರವರೆಗೆ ನಿಲ್ಲುವ ಹಡಗನ್ನೇ ಹುಡುಕಬೇಕು. ಗಡಿಯಾರದ ಹನ್ನೆರಡಕ್ಕೇ ಎಲ್ಲರೂ ಚಿತ್ರ ತೆಗೆದು ಬಸ್ಸಿಗೆ ಮರಳುತ್ತಾರೆ. ಬೇಸಿಗೆಯ ಸಮಯದ ಲೆಕ್ಕದಲ್ಲಿ ಅಲ್ಲಿ ಸೂರ್ಯ ಅತಿ ಕೆಳಗೆ ಬರುವುದು ಹನ್ನೆರಡು ಗಂಟೆ ದಾಟಿ ಸುಮಾರು ಇಪ್ಪತ್ತು ನಿಮಿಷಕ್ಕೆ. ಮಂಜು ಕವಿದು ಏನೂ ಕಾಣದಿರುವ ಸಂಭವವೂ ಸಾಕಷ್ಟಿದೆ. ಆದುದರಿಂದ ಇಡೀ ಪ್ರಯಾಣದ ನಿರೀಕ್ಷೆಯನ್ನು ಆ ಒಂದು ರಾತ್ರಿಯ ಮೇಲೆ ಹೊರಿಸದೆ, ಆರ್ಕ್ಟಿಕ್ ವೃತ್ತದ ಉತ್ತರದಲ್ಲಿ ಕನಿಷ್ಠ ನಾಲ್ಕೈದು ರಾತ್ರಿಗಳಿರುವ ಯಾನವನ್ನು ಆರಿಸಿಕೊಂಡರೆ ಒಂದಲ್ಲ ಒಂದು ರಾತ್ರಿ ಆಕಾಶ ತೆರೆದಿರುವ ಸಾಧ್ಯತೆ ಹೆಚ್ಚು.

ಟ್ರೋಮ್ಸೊದಲ್ಲಿ 421 ಮೀಟರ್ ಎತ್ತರದ ನಿಲ್ದಾಣಕ್ಕೆ ಒಯ್ಯುವ ರೋಪ್‌ವೇ, 1965ರ ಆರ್ಕ್ಟಿಕ್ ಕ್ಯಾಥೆಡ್ರಲ್ ಮತ್ತು ಧ್ರುವಯಾನಗಳ ವಸ್ತುಸಂಗ್ರಹಾಲಯ ನೋಡತಕ್ಕವು. ನಾರ್ವೆಯ ಧ್ರುವಾನ್ವೇಷಕ ರೋಲ್ಡ್ ಅಮುಂಡ್ಸನ್ 1928ರ ಜೂನ್‌ನಲ್ಲಿ, ವಾಯುನೌಕೆಯಲ್ಲಿ ಹೋಗಿ ಕಣ್ಮರೆಯಾದ ಇಟಲಿಯ ಉಂಬರ್ಟೊ ನೊಬಿಲೆಯ ತಂಡವನ್ನು ಹುಡುಕಲು ವಿಮಾನವೇರಿ ಹೊರಟದ್ದು ಈ ಊರಿನಿಂದಲೇ, ಅವರು ಮರಳಲಿಲ್ಲ. ಉತ್ತರ ನಾರ್ವೆಯ ಬಂದರುಗಳಲ್ಲಿ ಆ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಬದುಕನ್ನು ತೋರಿಸುವ ಪ್ರವಾಸಗಳೂ ಇವೆ. ಅವುಗಳನ್ನು ಸಾಮಿ ಕುಟುಂಬಗಳೇ ನಡೆಸುತ್ತವೆಯೇ ಎಂದು ಕೇಳಿ ತಿಳಿದು ಆರಿಸುವುದು ನ್ಯಾಯವೂ ಹೌದು, ಹೆಚ್ಚು ಅರ್ಥಪೂರ್ಣವೂ ಹೌದು. ರಸ್ತೆಬದಿಯಲ್ಲಿ ಮೇಯುವ ಹಿಮಸಾರಂಗಗಳು ಕಾಡುಪ್ರಾಣಿಗಳಲ್ಲ, ಅವುಗಳಿಗೆ ಒಡೆಯರಿದ್ದಾರೆ. ಚಿತ್ರಕ್ಕಾಗಿ ಅವನ್ನು ಅಟ್ಟಿಸಿಕೊಂಡು ಹೋಗಬಾರದು.

ಸ್ವಾಲ್ಬಾರ್ಡ್‌ನ ಶಿಸ್ತು

ಇಲ್ಲಿ ಪ್ರಯಾಣಿಕನ ಇಷ್ಟಕ್ಕಿಂತ ನೆಲದ ನಿಯಮಕ್ಕೆ ಮೊದಲ ಸ್ಥಾನ, ಮತ್ತು ಹಾಗಿರುವುದೇ ಸರಿ. ಧ್ರುವಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರ ಕಾಯ್ದುಕೊಳ್ಳಬೇಕೆಂಬುದು ಈಗಿನ ಕಾನೂನು. ಜೂನ್‌ನಲ್ಲಿ ಹೋಗುವವರು ಒಳ್ಳೆಯ ದುರ್ಬೀನು ಒಯ್ಯದಿದ್ದರೆ ಕರಡಿ ಅವರಿಗೆ ಹಳದಿ ಬಿಳುಪಿನ ಚುಕ್ಕೆಯಾಗಿಯಷ್ಟೇ ಕಂಡೀತು. ಹಡಗಿನಲ್ಲಿ ಎರವಲು ಸಿಗುತ್ತದೆಂದು ನಂಬಿ ಕೂರದೆ ಪ್ರತಿಯೊಬ್ಬರೂ ತಮ್ಮದೇ ಒಂದನ್ನು ಇಟ್ಟುಕೊಳ್ಳಬೇಕು. ದಡಕ್ಕಿಳಿಯುವಾಗ ಬಂದೂಕು ಹಿಡಿದ ಮಾರ್ಗದರ್ಶಕರು ಮೊದಲು ಹೋಗಿ ಸುತ್ತಲೂ ನೋಡುತ್ತಾರೆ. ಅವರು ಹಾಕಿದ ಎಲ್ಲೆಯನ್ನು ದಾಟುವಂತಿಲ್ಲ. ಕರಡಿ ಕಂಡರೆ ಇಳಿಯುವ ಕಾರ್ಯಕ್ರಮವೇ ರದ್ದಾಗುತ್ತದೆ. ಅದಕ್ಕೆ ಮುನಿಸಿಕೊಳ್ಳುವ ಪ್ರಯಾಣಿಕರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಅಲ್ಲಿ ಅತಿಥಿ ಯಾರು, ಮನೆಯವರು ಯಾರು ಎಂಬುದನ್ನು ಅವರು ಯೋಚಿಸಬೇಕು.

1946ಕ್ಕಿಂತ ಹಿಂದಿನ ಮಾನವ ಕುರುಹುಗಳೆಲ್ಲ ಅಲ್ಲಿ ತಾವಾಗಿಯೇ ಸಂರಕ್ಷಿತ ಸ್ಮಾರಕಗಳು. ಹದಿನೇಳನೆಯ ಶತಮಾನದ ಡಚ್ ತಿಮಿಂಗಿಲ ಬೇಟೆಗಾರರ ಸ್ಮೀರೆನ್‌ಬುರ್ಗ್ ನೆಲೆಯಲ್ಲಿ ಬಿದ್ದಿರುವ ತುಕ್ಕುಹಿಡಿದ ಮೊಳೆಯನ್ನೂ ಮುಟ್ಟುವಂತಿಲ್ಲ. ಹೊರಗಿನ ಬೀಜಗಳು ಹರಡದಂತೆ ಇಳಿಯುವ ಮೊದಲು ಬೂಟುಗಳನ್ನು ತೊಳೆದು, ಬಟ್ಟೆ ಮತ್ತು ಚೀಲದ ಸಂದುಗಳನ್ನು ಶುಚಿಮಾಡಿಕೊಳ್ಳಬೇಕಾಗುತ್ತದೆ. ಸಂಶೋಧನಾ ನೆಲೆಯಾದ ನೀ-ಓಲೆಸುಂಡ್‌ನಲ್ಲಿ ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗದಿರಲೆಂದು ಫೋನು, ಕ್ಯಾಮೆರಾಗಳ ವೈಫೈ ಮತ್ತು ಬ್ಲೂಟೂತ್‌ಗಳನ್ನು ಆರಿಸಿಡಬೇಕೆಂಬ ನಿಯಮವಿದೆ. ಕೈಗಡಿಯಾರ ಮತ್ತು ಕಿವಿಯ ಶ್ರವಣ ಸಾಧನಗಳನ್ನೂ ಆಗ ಮರೆಯಬಾರದು. 1926ರಲ್ಲಿ ನೋರ್ಗೆ ವಾಯುನೌಕೆಯನ್ನು ಕಟ್ಟಿದ್ದ ಕಂಬ ಆ ಊರಿನಲ್ಲಿ ಇನ್ನೂ ನಿಂತಿದೆ. ಅಮುಂಡ್ಸನ್, ನೊಬಿಲೆ ಮತ್ತು ಎಲ್ಸ್‌ವರ್ತ್ ಉತ್ತರ ಧ್ರುವದ ಮೇಲೆ ಹಾರಿ ಅಲಾಸ್ಕ ತಲುಪಿದ್ದು ಅಲ್ಲಿಂದ ಹೊರಟೇ.

ಅನ್ವೇಷಣಾ ಹಡಗಿನ ದಿನಚರಿ ಮಂಜುಗಡ್ಡೆ, ಗಾಳಿ, ಪ್ರಾಣಿಗಳ ಇರವನ್ನು ನೋಡಿಕೊಂಡು ಪ್ರತಿ ಸಂಜೆ ಬದಲಾಗುತ್ತದೆ. ಕಾರ್ಯಕ್ರಮದಲ್ಲಿ ಮುದ್ರಿಸಿದ ಹೆಸರುಗಳನ್ನು ಭರವಸೆಯೆಂದು ತಿಳಿಯದೆ ಸಾಧ್ಯತೆಯೆಂದು ತಿಳಿಯಬೇಕು.

ಉಡುಪು ಮತ್ತು ಸಿದ್ಧತೆ

ಜುಲೈನಲ್ಲಿ ಕೋಪನ್‌ಹೇಗನ್‌ನ ಸರಾಸರಿ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ, ಟ್ರೋಮ್ಸೊದಲ್ಲಿ 12, ಲಾಂಗ್‌ಇಯರ್‌ಬ್ಯೇನ್‌ನಲ್ಲಿ 7ರ ಹತ್ತಿರ. ಜೋಡಿಯಾಕ್ ದೋಣಿಯಲ್ಲಿ ಗಾಳಿಗೆ ಎದುರಾಗಿ ಕುಳಿತಾಗ ಅದು ಸೊನ್ನೆಗಿಂತ ಕೆಳಗಿರುವಂತೆ ಅನಿಸುತ್ತದೆ. ಇಷ್ಟೂ ಅಂತರವನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಬೇಕಾದಾಗ ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಹಲವು ಪದರಗಳೇ ಉಪಯುಕ್ತ: ಮೈಗಂಟುವ ಮೆರಿನೊ ಉಣ್ಣೆಯ ಒಳಉಡುಪು, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಅಂಗಿ, ಎಲ್ಲಕ್ಕೂ ಮೇಲೆ ಗಾಳಿ ಮತ್ತು ನೀರು ನುಸುಳದ ಹೊರಕೋಟು. ಹತ್ತಿಯ ಬಟ್ಟೆ ನೆನೆದರೆ ಬೇಗ ಒಣಗುವುದಿಲ್ಲವಾದ್ದರಿಂದ ದೋಣಿಯ ದಿನಗಳಲ್ಲಿ ಅದನ್ನು ಬಿಡಬೇಕು. ನೀರು ನುಸುಳದ ಪ್ಯಾಂಟು ಮತ್ತು ಎರಡು ಜೊತೆ ಕೈಗವಸುಗಳು ಮರೆಯಬಾರದವು. ಅನ್ವೇಷಣಾ ಹಡಗುಗಳು ಸಾಮಾನ್ಯವಾಗಿ ಪಾರ್ಕಾ ಕೋಟನ್ನು ಕೊಡುತ್ತವೆ, ರಬ್ಬರ್ ಬೂಟುಗಳನ್ನು ಎರವಲು ಕೊಡುತ್ತವೆ. ಪಾದದ ಅಳತೆಯನ್ನು ಮೊದಲೇ ತಿಳಿಸಬೇಕು. ಸಂಜೆಯ ಊಟಕ್ಕೆ ಸೂಟು, ಉದ್ದನೆಯ ಗೌನು ಬೇಕಾಗುವ ಹಡಗುಗಳು ಈಗ ಕಡಿಮೆ. ಆ ಜಾಗವನ್ನು ಇನ್ನೊಂದು ಜೊತೆ ಉಣ್ಣೆಯ ಕಾಲುಚೀಲಗಳಿಗೆ ಕೊಡಿ.

ಕಡಲಕಾಯಿಲೆಯ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ತೆರೆದ ಕಡಲಿಗೆ ಇಳಿಯುವ ಮೊದಲೇ ತೆಗೆದುಕೊಳ್ಳಬೇಕು. ಯಾವುದನ್ನು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಊರಿನಲ್ಲೇ ಕೇಳಿಕೊಂಡು ಹೊರಡಿ. ನಿತ್ಯದ ಔಷಧಗಳನ್ನು ಪ್ರಯಾಣದ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚಾಗಿ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಹಡಗು ಹೊರಡುವ ಊರಿಗೆ ಕನಿಷ್ಠ ಎರಡು ದಿನ ಮೊದಲೇ ತಲುಪುವುದು ಅಗತ್ಯ. ಪೆಟ್ಟಿಗೆ ವಿಮಾನದಲ್ಲಿ ತಪ್ಪಿಹೋದರೆ ಕೋಪನ್‌ಹೇಗನ್‌ನಲ್ಲಿ ಮಾರನೆಯ ದಿನ ಸಿಕ್ಕೀತು. ಲಾಂಗ್‌ಇಯರ್‌ಬ್ಯೇನ್‌ನಿಂದ ಉತ್ತರಕ್ಕೆ ಹೊರಟುಹೋದ ಹಡಗಿಗೆ ಅದನ್ನು ತಲುಪಿಸುವ ದಾರಿಯೇ ಇಲ್ಲ. ಯಾನ ಲಾಂಗ್‌ಇಯರ್‌ಬ್ಯೇನ್‌ನಲ್ಲೇ ಮುಗಿಯುವುದಾದರೆ ಮರಳುವ ದಾರಿಯಲ್ಲಿ ಓಸ್ಲೊದಲ್ಲಿ ಒಂದು ರಾತ್ರಿ ತಂಗುವಂತೆ ಟಿಕೆಟ್ ಮಾಡಿಸಿ. ದ್ವೀಪದ ಮಂಜಿನಿಂದ ವಿಮಾನಗಳು ತಡವಾಗುವುದುಂಟು, ಮುಖ್ಯಭೂಮಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲೂ ಇರುತ್ತದೆ. ಬಹುಪ್ರವೇಶದ ಆ ವೀಸಾ ಕೆಲಸಕ್ಕೆ ಬರುವುದು ಅಲ್ಲೇ ಆದ್ದರಿಂದ, ಪಾಸ್‌ಪೋರ್ಟನ್ನು ಹಡಗಿನ ಸ್ವಾಗತಕಟ್ಟೆಯಿಂದ ಮರಳಿ ಪಡೆದಾಗ ಅದು ನಿಮ್ಮದೇ ಎಂದು ತೆರೆದು ನೋಡಿಯೇ ಕೈಚೀಲಕ್ಕೆ ಹಾಕಿಕೊಳ್ಳಿ.